ಬಂಡೆಮ್ಮ ಎಣಿಸದೆ ಬಿಟ್ಟ ಕೂಸು

ಬಾಗಲವಾಡದ ಬಂಡೆಮ್ಮನನ್ನು "ಕುರಿ ಎಷ್ಟದಾವಬೇ?" ಎಂದು ಕೇಳಿ ಸರಿಯಾದ ಉತ್ತರ ಪಡೆದವರು ಊರಲ್ಲಿ ಒಬ್ಬರೂ ಇಲ್ಲ. "ಅದಾವ, ಬೀರಪ್ಪ ಕೊಟ್ಟಷ್ಟು" ಎನ್ನುತ್ತಾಳೆ. ಪಟ್ಟು ಹಿಡಿದು ಕೇಳಿದರೆ ಒಂದನ್ನು ಬಿಟ್ಟು ಹೇಳುತ್ತಾಳೆ. ಪಶು ಆಸ್ಪತ್ರೆಯವರು ಚುಚ್ಚುಮದ್ದಿಗೆ ಬಂದಾಗಲೂ ಒಂದು ಮರಿಯನ್ನು ಬುಟ್ಟಿಯಡಿ ಮುಚ್ಚಿಟ್ಟು ಉಳಿದವುಗಳ ಲೆಕ್ಕ ಕೊಡುತ್ತಿದ್ದಳು. ಮರುದಿನ ಆ ಮರಿಯನ್ನು ಕಂಬಳಿಯಲ್ಲಿ ಸುತ್ತಿಕೊಂಡು ಮಾನ್ವಿಯ ಬಸ್ಸು ಹತ್ತಿ, ಅದೇ ಡಾಕ್ಟರ ಮುಂದೆ ನಿಂತು, "ಇದು ನಮ್ಮ ಬೀಗರ ಮರಿ, ಒಂದು ಸೂಜಿ ಹಾಕ್ರಿ" ಎನ್ನುತ್ತಿದ್ದಳು. ಡಾಕ್ಟರಿಗೆ ಗೊತ್ತು, ಬಂಡೆಮ್ಮನಿಗೂ ಗೊತ್ತು, ಮರಿಗೂ ಗೊತ್ತಿದ್ದಿರಬೇಕು. ಮೂವರೂ ಸುಮ್ಮನಿರುತ್ತಿದ್ದರು.

ಕುರಿ ಕಾಯುವ ಮನೆಗಳಲ್ಲಿ ಪೂರ್ತಿ ಲೆಕ್ಕ ಬಾಯಲ್ಲಿ ಆಡಬಾರದು ಎಂಬ ಮಾತು ಹಳೆಯದು. ಈಗಿನವರು ಅದನ್ನು ನಗೆಯಾಡಿ ಬಿಡುತ್ತಾರೆ. ಬಂಡೆಮ್ಮ ನಗುವುದಿಲ್ಲ, ಅವಳಿಗೆ ಕಾರಣವಿದೆ. ಅವಳಿನ್ನೂ ಎಳೆಯ ತಾಯಿಯಾಗಿದ್ದಾಗ, ಚೀಕಲಪರ್ವಿಯ ಹೊಳೆದಂಡೆಯಲ್ಲಿ ಹಟ್ಟಿ ಹಾಕಿದ್ದಾಗ, ಜನ ಎಣಿಸುವ ಮಾಸ್ತರನೊಬ್ಬ ಬಂದು ಮಕ್ಕಳೆಷ್ಟು ಎಂದು ಕೇಳಿದ್ದ. ಸುತ್ತ ಆಡುತ್ತಿದ್ದವರನ್ನು ತೋರಿಸಿ, ಹರೆಯದ ಹಮ್ಮಿನಲ್ಲಿ, "ನಾಕು" ಎಂದಿದ್ದಳು. ಅದೇ ಮಳೆಗಾಲದಲ್ಲಿ ವಾಂತಿಭೇದಿ ಬಂದು ಎರಡು ಹೋದವು. ಉಳಿದವರು ಹಿರಿಮಗಳು ಹುಲಗೆಮ್ಮ, ಕಿರಿಮಗ ರೇವಣಸಿದ್ದ. ಹೋದವರ ಹೆಸರನ್ನು ಬಂಡೆಮ್ಮ ಆಮೇಲೆ ಎತ್ತಲಿಲ್ಲ, ಗಂಡ ಸಾಬಣ್ಣನೂ ಎತ್ತಲಿಲ್ಲ.

ರೇವಣಸಿದ್ದ ಓದಿ ರಾಯಚೂರಿನ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸಕ್ಕೆ ಸೇರಿದ. ನರ್ಸ್ ಆಗಿದ್ದ ನೇತ್ರಾವತಿಯನ್ನು ಮದುವೆಯಾದ. ಮೊದಲ ಮಗ ಬೀರೇಶ ಗುಂಡುಗುಂಡಗೆ ಬೆಳೆದ. ಎರಡನೆಯ ಕೂಸು ಹನ್ನೆರಡು ದಿನ ಇದ್ದು ಹೋಯಿತು. ಆ ದುಃಖದ ಬೆನ್ನಿಗೇ ನೇತ್ರಾವತಿ ಕೆನಡಾಕ್ಕೆ ಅರ್ಜಿ ಹಾಕಿದಳು. ಅಲ್ಲಿ ನರ್ಸುಗಳಿಗೆ ಬೇಡಿಕೆ ಇದೆ, ಗಂಡ ಮಕ್ಕಳನ್ನೂ ಕರೆದುಕೊಂಡು ಹೋಗಿ ನೆಲೆಸಬಹುದು ಎಂದು ಆಸ್ಪತ್ರೆಯ ಗೆಳತಿಯರು ಹೇಳಿದ್ದರು. ಅರ್ಜಿಯಲ್ಲಿ ಗಂಡ, ಹೆಂಡತಿ, ಮಗ ಮೂವರ ಹೆಸರಿತ್ತು. ಉತ್ತರಕ್ಕೆ ಕಾಯುತ್ತಿರುವಾಗಲೇ ನೇತ್ರಾವತಿ ಮತ್ತೆ ಬಸುರಾದಳು.

ಈಗ ಬಂಡೆಮ್ಮ ಸೊಂಟ ಕಟ್ಟಿ ನಿಂತಳು. ಈ ಕೂಸಿನ ಮೇಲೆ ಯಾರ ಕಣ್ಣೂ ಬೀಳಬಾರದು. ಹೆರಿಗೆ ರಾಯಚೂರಿನಲ್ಲಿ ಬೇಡ, ದೇವದುರ್ಗದಲ್ಲಿ ಆಗಲಿ, ಅಲ್ಲಿ ಹುಲಗೆಮ್ಮ ಇದ್ದಾಳೆ. ಕೂಸು ಹುಟ್ಟಿದ ಕೂಡಲೆ ಸೋದರತ್ತೆಯ ಉಡಿಗೆ ಹಾಕುವುದು, ಜೊತೆಗೆ ಒಂದು ಸೇರು ಜೋಳ. ಜವಳ ತೆಗೆಸುವವರೆಗೆ, ಅಂದರೆ ಮೂರನೆಯ ವರ್ಷದಲ್ಲಿ ಬೀರಪ್ಪನ ಗುಡಿಯಲ್ಲಿ ಹುಟ್ಟುಗೂದಲು ಇಳಿಸುವವರೆಗೆ, ಅದು ಹುಲಗೆಮ್ಮನ ಕೂಸು. ಅಲ್ಲಿಯ ತನಕ ಹೆಸರಿಲ್ಲ, ಲೆಕ್ಕವಿಲ್ಲ. ಕೂಸು ಬೆಳೆಯುವುದು ಮಾತ್ರ ಬಾಗಲವಾಡದಲ್ಲಿ, ಬಂಡೆಮ್ಮನ ಕಂಬಳಿಯಲ್ಲಿ.

ನೇತ್ರಾವತಿ ನರ್ಸು. ಇದನ್ನೆಲ್ಲ ಕೇಳಿ ನಗಬೇಕಾಗಿದ್ದವಳು. ಆದರೆ ಹನ್ನೆರಡು ದಿನದ ಕೂಸನ್ನು ಕಳಕೊಂಡವಳಿಗೆ ನಗು ಎಲ್ಲಿಂದ ಬರಬೇಕು? "ಅತ್ತಿ ಅಂದಂಗ ಆಗ್ಲಿ" ಎಂದಳು. ಹೆಣ್ಣು ಕೂಸು ಹುಟ್ಟಿತು. ಜನನ ಪತ್ರದಲ್ಲಿ ತಾಯಿ ನೇತ್ರಾವತಿ, ತಂದೆ ರೇವಣಸಿದ್ದ ಎಂದು ಸರಿಯಾಗಿಯೇ ಬಂತು, ಕೂಸಿನ ಹೆಸರಿನ ಜಾಗ ಮಾತ್ರ ಖಾಲಿ.

ನಾಲ್ಕು ತಿಂಗಳಿಗೆ ಕೆನಡಾದಿಂದ ಮೇಲ್ ಬಂತು. ಕುಟುಂಬದಲ್ಲಿ ಏನಾದರೂ ಬದಲಾವಣೆ ಆಗಿದೆಯೇ, ಹೊಸ ಮಗು ಇದೆಯೇ, ತಿಳಿಸಿ ಎಂದು. ರೇವಣಸಿದ್ದ ಫೋನು ಮಾಡಿ ತಾಯಿಯನ್ನು ಕೇಳಿದ.

"ಎಣಿಸಬ್ಯಾಡಪಾ" ಎಂದಳು ಬಂಡೆಮ್ಮ. "ಜವಳ ಆದಮ್ಯಾಲ ಬರಸು. ರೇಷನ್ ಕಾರ್ಡಿಗೆ ನಿನ್ನ ಹೆಂಡ್ತಿ ಹೆಸರು ಆಮ್ಯಾಲ ಸೇರಿಸಲಿಲ್ಲೇನು?"

ಓದಿದ ಮಗನಿಗೂ ಅದು ಸರಿ ಅನ್ನಿಸಿತು. ಹೆಸರೇ ಇಲ್ಲದ ಕೂಸನ್ನು ಏನೆಂದು ಬರೆಯುವುದು? ಆಮೇಲೆ ಸೇರಿಸಿದರಾಯಿತು. ಬದಲಾವಣೆ ಇಲ್ಲ ಎಂದು ಬರೆದು ಕಳಿಸಿದ. ಕೂಸಿಗೆ ಎಂಟು ತಿಂಗಳಾದಾಗ ಮೂವರೂ ವಿಮಾನ ಹತ್ತಿದರು. ಅಲ್ಲಿ ಇಳಿದ ಮೇಲೆ ಅಧಿಕಾರಿಯೊಬ್ಬ ಬೇರೆ ಮಕ್ಕಳಿದ್ದಾರೆಯೇ ಎಂದು ಕೇಳಿದ. ನೇತ್ರಾವತಿಯ ರವಿಕೆ ಹಾಲಿನಿಂದ ಒದ್ದೆಯಾಗಿತ್ತು. ಇಲ್ಲ ಎಂದಳು. ಹೋಗುವ ಮುನ್ನ ಅತ್ತೆಯ ಕೈ ಹಿಡಿದು, "ಒಂದು ವರ್ಷದಾಗ ಕರಸ್ಕೊಂತೀನಿ" ಎಂದಿದ್ದಳು.

ಕೂಸು ಬೆಳೆಯಿತು. ಗೋಡೆ ಹಿಡಿದು ನಡೆಯಿತು, ಗೋಡೆ ಬಿಟ್ಟು ಓಡಿತು. ಅಜ್ಜಿಗೆ ಆಯಿ ಎಂದಿತು, ಅಜ್ಜನಿಗೆ ಮುತ್ಯಾ ಎಂದಿತು. ಮೂರನೆಯ ವರ್ಷಕ್ಕೆ ಬಿದ್ದ ಕೂಡಲೆ ಬಂಡೆಮ್ಮ ಜವಳ ತೆಗೆಸಿ, ಮಲ್ಲೇಶ್ವರಿ ಎಂದು ಹೆಸರಿಟ್ಟು, ಹಗುರಾಗಿ ಉಸಿರು ಬಿಟ್ಟಳು. ತನ್ನ ಲೆಕ್ಕ ಸರಿಹೋಯಿತು ಎಂದುಕೊಂಡಳು. ಅಲ್ಲಿ ಮಗ ಸೊಸೆ, ಮಗಳನ್ನು ಕರೆಸಿಕೊಳ್ಳಲು ಅರ್ಜಿ ಹಾಕಿದರು.

ಕೆನಡಾದವರು ಒಂದೇ ಪ್ರಶ್ನೆ ಕೇಳಿದರು: ಈ ಮಗುವನ್ನು ಮೊದಲೇ ಯಾಕೆ ಹೇಳಲಿಲ್ಲ?

ಕಾರಣ ಕೇಳಿದರೆ ಅಡ್ಡಾದಿಡ್ಡಿ ಉತ್ತರ ಕೊಡುವುದರಲ್ಲಿ ಓದಿದವರನ್ನು ಮೀರಿಸುವವರಿಲ್ಲ. ನಮ್ಮ ಮನೆಯಲ್ಲಿ ಮಕ್ಕಳನ್ನು ಎಣಿಸುವುದಿಲ್ಲ ಎಂದು ಬರೆಯಲು ರೇವಣಸಿದ್ದನಿಗೆ ನಾಚಿಕೆ. ಕೂಸನ್ನು ಅಕ್ಕನ ಉಡಿಗೆ ಹಾಕಿದ್ದು ನೆನಪಾಗಿ, "ಮಗುವನ್ನು ನನ್ನ ಸಹೋದರಿಗೆ ದತ್ತು ಕೊಡಲಾಗಿತ್ತು, ಈಗ ವಾಪಸು ಪಡೆದಿದ್ದೇವೆ" ಎಂದು ಬರೆದುಬಿಟ್ಟ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಮಾಡಿದ ಉಪಾಯ. ಹಾವು ಆರಾಮಾಗಿತ್ತು, ಕೋಲು ಎರಡು ತುಂಡಾಯಿತು. ದತ್ತು ಕೊಟ್ಟಿದ್ದರೆ ಆಕೆ ನಿಮ್ಮ ಮಗಳಲ್ಲ. ನಿಮ್ಮ ಮಗಳೇ ಆಗಿದ್ದರೆ ನೀವು ಮುಚ್ಚಿಟ್ಟಿದ್ದೀರಿ. ಹೇಳದೆ ಬಿಟ್ಟವರನ್ನು ಮುಂದೆ ಕರೆಸಿಕೊಳ್ಳಲು ಕಾನೂನು ಒಪ್ಪುವುದಿಲ್ಲ ಎಂದು ಅರ್ಜಿ ತಿರಸ್ಕರಿಸಿದರು.

ಸುದ್ದಿ ಹೇಳಿದ್ದು ನೇತ್ರಾವತಿ. ಬಂಡೆಮ್ಮ ಕುರಿಗಳಿಗೆ ನೀರು ಇಡುತ್ತಿದ್ದಳು, ಬ್ಲೌಸಿನಿಂದ ಫೋನು ತೆಗೆದು ಕಿವಿಗಿಟ್ಟಳು.

"ಅತ್ತಿ, ನೀವು ಎಣಿಸಬ್ಯಾಡಂದ್ರಿ" ಎಂದಳು ಸೊಸೆ. ಅವಳ ದನಿ ಬಂಡೆಮ್ಮ ಎಂದೂ ಕೇಳದ ದನಿಯಾಗಿತ್ತು. "ಈಗ ಅವ್ರೂ ಎಣಿಸಲ್ಲಂತಾರ. ಯಾವತ್ತೂ ಎಣಿಸಲ್ಲಂತಾರ."

ಅಷ್ಟು ಹೇಳಿ ಫೋನಿಟ್ಟಳು. ಆವತ್ತಿನಿಂದ ಬಂಡೆಮ್ಮ ಒಂದು ಕಡೆ ಕೂತಿದ್ದನ್ನು ಸಾಬಣ್ಣ ನೋಡಲಿಲ್ಲ. ರೊಟ್ಟಿ ಬಡಿಯುತ್ತಾ ಬಡಿಯುತ್ತಾ ಎದ್ದು ಹೊರಗೆ ಹೋಗುತ್ತಿದ್ದಳು, ಹಂಚಿನ ಮೇಲೆ ರೊಟ್ಟಿ ಕರಕಾಗುತ್ತಿತ್ತು. ಮಲ್ಲಿ ಹಿತ್ತಲಲ್ಲಿ ಆಡುತ್ತಿದೆಯೋ ಇಲ್ಲವೋ ಎಂದು ಹತ್ತು ಸಲ ಇಣುಕಿ ನೋಡುತ್ತಿದ್ದಳು. ಕೂಸು ಕೈಗೆ ಸಿಕ್ಕರೆ ಎತ್ತಿಕೊಳ್ಳಲು ಹೆದರಿಕೆ, ಬಿಟ್ಟರೂ ಹೆದರಿಕೆ. ಕೂಸಿನ ಜೀವ ಉಳಿಸಿದೆ ಎಂದುಕೊಂಡಿದ್ದವಳಿಗೆ, ಕೂಸಿನ ತಾಯಿಯನ್ನು ಕಸಿದವಳು ನಾನೇ ಎಂಬುದು ಈಗ ಗೊತ್ತಾಗಿತ್ತು.

"ಸುಮ್ನ ಕುಂದ್ರ ಬೇ" ಎಂದ ಸಾಬಣ್ಣ.

"ನೀ ಕುಂದ್ರು. ನೀ ಕುಂತ ಕುಂತಾನ ಮುದುಕ ಆದಿ" ಎಂದು ಬೈದು, ಮಲ್ಲಿಯನ್ನು ಸೊಂಟಕ್ಕೇರಿಸಿ ಬಸ್ಸು ಹತ್ತಿದಳು.

ಮಾನ್ವಿಯಲ್ಲಿ ಒಬ್ಬ ವಕೀಲ ತನಗೆ ತಿಳಿಯದು ಎಂದ. ತಹಶೀಲ್ದಾರ ಕಚೇರಿಯಲ್ಲಿ ಯಾರೋ, ಕೆನಡಾ ನಮ್ಮ ತಾಲೂಕಿಗೆ ಬರುವುದಿಲ್ಲವ್ವ ಎಂದು ನಗೆಯಾಡಿದರು. ಬಂಡೆಮ್ಮ ಅವರ ಏಳು ತಲೆಮಾರನ್ನು ನೆನಪಿಸಿ ಹೊರಗೆ ಬಂದಳು. ಕೊನೆಗೆ ರಾಯಚೂರಿನ ಸ್ಟೇಷನ್ ರಸ್ತೆಯಲ್ಲಿ ವೀಸಾ ಅರ್ಜಿ ತುಂಬಿಸುವ ಕಿರಣಕುಮಾರ ಎಂಬಾತನ ಅಂಗಡಿಗೆ ಹೋಗಿ ಮುಟ್ಟಿದಳು. ಮೂವತ್ತರ ಆಸುಪಾಸಿನ ಹುಡುಗ. ಅಲ್ಲಿ ಕಂಪ್ಯೂಟರ್ ಮುಂದೆ ಕೂರುವ ಗುಲ್ಫಶಾ ಎಂಬ ಹುಡುಗಿ ನೀರು ಕೊಟ್ಟು ಕೂರಿಸಿದಳು. ಕಿರಣಕುಮಾರ ರೇವಣಸಿದ್ದನಿಂದ ಕಾಗದಗಳನ್ನೆಲ್ಲ ತರಿಸಿಕೊಂಡು ಓದಿ ತಲೆ ಮೇಲೆ ಕೈ ಹೊತ್ತ.

"ಯವ್ವಾ, ಮೊದಲ ಹೇಳಿದ್ರ ಕೂಸಿಗೊಂದು ಮೆಡಿಕಲ್ ಮಾಡಿಸಿ, ಒಂದಿಷ್ಟು ಫೀಸ್ ಕಟ್ಟಿದ್ರ ಮುಗಿತಿತ್ತು. ಅವ್ರ ಜೋಡಿನ ಹೋಗ್ತಿತ್ತು ಅದು."

ಬಂಡೆಮ್ಮ ಮಲ್ಲಿಯನ್ನು ತೊಡೆಗೆ ಎಳೆದುಕೊಂಡಳು. ಅಷ್ಟು ಸಣ್ಣದಿತ್ತೇ?

"ಈಗ?"

"ಒಂದು ದಾರಿ ಅದ. ಮೋಸ ಮಾಡಾಕಂತ ಬಿಟ್ಟಿಲ್ಲ, ತಿಳೀದ ಬಿಟ್ಟಾರ, ಹೇಳಿದ್ರೂ ವೀಸಾ ಸಿಗ್ತಿತ್ತು ಅಂತ ತೋರಿಸಿದ್ರ ಒಂದೊಂದು ಸಲ ವಿನಾಯಿತಿ ಕೊಡ್ತಾರ. ಆದ್ರ ದತ್ತು ಅನ್ನೋ ಸುಳ್ಳನ್ನ ವಾಪಸ್ ತಗೀಬೇಕು. ಯಾಕ ಬಿಟ್ರಿ ಅನ್ನೋದು ಖರೇ ಖರೇ ಬರೀಬೇಕು. ನೀವೂ ಪ್ರಮಾಣ ಪತ್ರ ಕೊಡಬೇಕು, ನಿಮ್ಮ ಮಗಳೂ ಕೊಡಬೇಕು."

ಬಂಡೆಮ್ಮ ಅಲ್ಲಿಂದಲೇ ದೇವದುರ್ಗಕ್ಕೆ ಹೋದಳು. ಹುಲಗೆಮ್ಮ ಹತ್ತಿ ಬಿಡಿಸಿ ಆಗಷ್ಟೇ ಮನೆಗೆ ಬಂದಿದ್ದಳು. ತಮ್ಮ ತನ್ನ ಹೆಸರಿನಲ್ಲಿ ದತ್ತು ಬರೆದ ಸುದ್ದಿ ಕೇಳಿ ಕೊಡ ದಡಕ್ಕನೆ ಕೆಳಗಿಟ್ಟಳು.

"ನನ್ನ ಕೇಳಿ ಬರದಾನೇನ? ನನಗ ಮೂರ ಅದಾವ, ನಾ ಯಾಕ ಅವನ್ದು ದತ್ತ ತೊಗೊಳ್ಳಿ?"

ಬಂಡೆಮ್ಮ ಧಾವಿಸಿ ಮಗಳ ಬಾಯಿ ಮುಚ್ಚಿದಳು. ಮೂರು ಎಂದುಬಿಟ್ಟಳಲ್ಲ, ಹೊತ್ತು ಮುಳುಗುವ ವೇಳೆಯಲ್ಲಿ, ಬಾಗಿಲಲ್ಲಿ ನಿಂತು! ಹುಲಗೆಮ್ಮ ತಾಯಿಯ ಕೈಯನ್ನು ಸರಿಸಿದಳು.

"ಇದ ನೋಡು ಯವ್ವ, ಇದರಿಂದನ ಇಷ್ಟೆಲ್ಲ ಆಗಿದ್ದು."

ಬೈದಳೇ ಹೊರತು ಮಾರನೆಯ ದಿನ ಜೊತೆಗೆ ಬಂದಳು. ಮಗ ಮಾತ್ರ ಫೋನಿನಲ್ಲಿ ಹಿಂಜರಿದ. "ಯವ್ವಾ, ಎಣಿಸಿದ್ರ ಕೂಸು ಸಾಯ್ತಾವಂತ ಕೆನಡಾದವ್ರಿಗೆ ಬರದ್ರ ನಮ್ಮ ಮರ್ಯಾದಿ ಏನಾಗ್ತದ? ನಗತಾರ."

"ನಗಲಿ. ನಿನ್ನ ಮರ್ಯಾದಿ ಉಳೀಲಂತ ನನ್ನ ಮೊಮ್ಮಗಳು ಎಷ್ಟು ವರ್ಷ ಫೋನಿನಾಗ ಅವ್ವನ್ನ ನೋಡಬೇಕೋ?" ಎಂದಳು ಬಂಡೆಮ್ಮ. ಆ ಕಡೆಯಿಂದ ನೇತ್ರಾವತಿ ಫೋನು ಕಸಿದುಕೊಂಡು, "ಬರಸ್ರಿ ಅತ್ತಿ" ಎಂದಳು.

ರಾಯಚೂರಿನ ಕೋರ್ಟಿನ ಹತ್ತಿರ ನೋಟರಿ ತಾಯಣ್ಣನವರ ಕೋಣೆ. ಮಟಮಾರಿ ಕಡೆಯ ಮುದುಕ, ಮೂಗಿನ ತುದಿಗೆ ಕನ್ನಡಕ, ಮಾತು ಕಡಿಮೆ, ಸಿಟ್ಟು ಜಾಸ್ತಿ. ಹುಲಗೆಮ್ಮನದು ಬೇಗ ಮುಗಿಯಿತು: ಉಡಿಗೆ ಹಾಕಿದ್ದು ಶಾಸ್ತ್ರ, ದತ್ತು ಅಲ್ಲ. ಆಮೇಲೆ ಬಂಡೆಮ್ಮನ ಸರದಿ.

"ನಿನ್ನ ಮಗಗ ಮಕ್ಕಳೆಷ್ಟು?"

"ಅದಾರ್ರಿ ಯಪ್ಪಾ. ಬೀರಪ್ಪ ಕೊಟ್ಟಷ್ಟು."

"ಬೀರಪ್ಪ ಎಷ್ಟು ಕೊಟ್ಟಾನ?"

ಬಂಡೆಮ್ಮ ಸೆರಗನ್ನು ಬಾಯಿಗೆ ಒತ್ತಿದಳು. ಕೋಣೆಯ ಮೂಲೆಯಲ್ಲಿ ಮಲ್ಲಿ ಸ್ಟಾಂಪು ಒತ್ತುವ ಡಬ್ಬಿಯ ಮುಚ್ಚಳ ತೆಗೆದು ಹಾಕಿ ಮಾಡುತ್ತಿತ್ತು. "ಅವ್ರ ಹೆಸರಷ್ಟ ಬರಕೋರ್ರಿ. ಎಷ್ಟು ಅಂತ ಯಾಕ?"

"ಯಾಕಂದ್ರ ನೀ ಪ್ರಮಾಣ ಮಾಡಾಕ ಬಂದಿ" ಎಂದು ತಾಯಣ್ಣ ಪೆನ್ನು ಕೆಳಗಿಟ್ಟರು. "ಇಷ್ಟು ಮಂದಿ, ಇವರನ್ನ ಬಿಟ್ಟು ಬೇರೆ ಯಾರೂ ಇಲ್ಲ ಅಂತ ನಿನ್ನ ಬಾಯಿಂದ ಹೇಳಿದ್ರ ನಾ ಬರಕೋತೀನಿ. ಅರ್ಧ ಹೇಳೋದಾದ್ರ ನಡಿ ಎದ್ದು."

ಬಂಡೆಮ್ಮ ಎದ್ದಳು. ಬಾಗಿಲ ತನಕ ಹೋದಳು. ವಾಪಸು ಬಂದಳು. ಮತ್ತೆ ಕೂಸಿನ ಹತ್ತಿರ ಹೋಗಿ, ಅದರ ಹಣೆ ಮುಟ್ಟಿ ನೋಡಿ, ಬಂದು ಕುರ್ಚಿಯ ಹಿಂದೆ ನಿಂತಳು. ತಾಯಣ್ಣನವರು ಗದರಲಿಲ್ಲ, ಪೆನ್ನು ಮತ್ತೆ ಕೈಗೆ ತೆಗೆದುಕೊಂಡರು.

"ಎರಡು" ಎಂದಳು ಬಂಡೆಮ್ಮ. ದನಿ ಹೊರಗೆ ಬಂತೋ ಇಲ್ಲವೋ ಎಂದು ಅನುಮಾನವಾಗಿ ಮತ್ತೊಮ್ಮೆ, ಜೋರಾಗಿ, "ಎರಡು ಅದಾವ್ರಿ. ಬೀರೇಶ, ಮಲ್ಲೇಶ್ವರಿ. ಹನ್ನೆರಡು ದಿನದ್ದು ಒಂದು ಹೋತು, ಅದನ್ನೂ ಬರೀರಿ" ಎಂದಳು.

"ಯಾಕ ಬಿಟ್ಟಿ ಇಕಿನ್ನ?"

ಆಗ ಬಂಡೆಮ್ಮ ಚೀಕಲಪರ್ವಿಯ ಹೊಳೆದಂಡೆಯ ಕತೆ ಹೇಳಿದಳು. ಹೇಳುತ್ತಾ ಹೇಳುತ್ತಾ ನಲವತ್ತು ವರ್ಷ ಬಾಯಲ್ಲಿ ತಾರದ ಹೆಸರುಗಳು ತಾವಾಗಿ ಬಂದವು. "ಅಂಜಿನೇಯ ಅಂತಿದ್ದ, ಐದು ವರ್ಷದಾವ. ದ್ಯಾವಮ್ಮ ಅಂತಿದ್ಲು, ಇಷ್ಟ ಇದ್ಲು." ಮೊಣಕಾಲಿನ ಎತ್ತರ ತೋರಿಸಿದ ಕೈ ಅಲ್ಲೇ ನಿಂತಿತು. ಹುಲಗೆಮ್ಮ ತಾಯಿಯ ಮುಖವನ್ನು ಹೊಸದಾಗಿ ಕಂಡಂತೆ ನೋಡಿದಳು. ಆ ಇಬ್ಬರಿಗೂ ಅವಳು ಅಕ್ಕ. ತಾಯಣ್ಣನವರು ಕನ್ನಡಕ ತೆಗೆದು ಒರೆಸಿ, ಒಂದಕ್ಷರ ಬಿಡದೆ ಬರೆದುಕೊಂಡರು. ಬಂಡೆಮ್ಮ ಹೆಬ್ಬೆಟ್ಟು ಒತ್ತಿದಳು.

ಅಲ್ಲಿಂದ ಎಂಟು ದಿನ ಅವಳು ಕೂಸಿಗೆ ಅಂಟಿಕೊಂಡೇ ಇದ್ದಳು. ಸೀನಿದರೆ ಹಾರಿ ಬೀಳುತ್ತಿದ್ದಳು. ಕೆಮ್ಮಿದರೆ ಬೀರಪ್ಪನ ಭಂಡಾರದ ಅರಿಶಿನ ಹಚ್ಚುತ್ತಿದ್ದಳು, ಜೊತೆಗೆ ಮಾನ್ವಿಯ ಮಕ್ಕಳ ಡಾಕ್ಟರ ಔಷಧವನ್ನೂ ಕುಡಿಸುತ್ತಿದ್ದಳು. ಕೂಸಿಗೆ ಏನೂ ಆಗಲಿಲ್ಲ. ಅಜ್ಜಿಗೇ ಜ್ವರ ಬಂತು.

ಆಮೇಲೆ ಕಾಯುವುದು. ತಾಯಿ-ಮಗಳು ಹೌದೆಂದು ತೋರಿಸಲು ಹೈದರಾಬಾದಿಗೆ ಹೋಗಿ ಮಲ್ಲಿಯ ಎಂಜಲಿನ ಪರೀಕ್ಷೆ ಮಾಡಿಸಿದರು. ಅಲ್ಲಿ ನೇತ್ರಾವತಿಯದೂ ಮಾಡಿಸಿದರು. ಪತ್ರ ಬಂತು, ಪತ್ರ ಹೋಯಿತು. ಪ್ರತಿ ಸೋಮವಾರ ಬಂಡೆಮ್ಮ ರಾಯಚೂರಿನ ಅಂಗಡಿಯ ಮೆಟ್ಟಿಲ ಮೇಲೆ ಹಾಜರ್. "ಬಂದದೇನಪಾ?" "ಇಲ್ಲ ಯವ್ವಾ." ಬಂದರೆ ನಾನೇ ಫೋನು ಮಾಡುತ್ತೇನೆ ಎಂದು ಕಿರಣಕುಮಾರ ಎಷ್ಟು ಹೇಳಿದರೂ ಮುಂದಿನ ಸೋಮವಾರ ಅವಳು ಅಲ್ಲೇ. ಮನೆಯಲ್ಲಿ ಕೂತು ಕಾಯುವುದು ಅವಳ ಕೈಲಿ ಆಗದ ಕೆಲಸ. ನೇತ್ರಾವತಿ ಅಲ್ಲಿ ಮುದುಕರ ಆರೈಕೆ ಮನೆಯಲ್ಲಿ ಕೆಲಸ ಮಾಡುತ್ತಿದ್ದಳು. ದಿನಾ ಫೋನಿನಲ್ಲಿ ಮಗಳನ್ನು ಕರೆಯುತ್ತಿದ್ದಳು. ಮಲ್ಲಿ ಮೊದಮೊದಲು ಪರದೆಗೆ ಮುತ್ತು ಕೊಡುತ್ತಿತ್ತು. ನಾಲ್ಕು ತುಂಬುವ ಹೊತ್ತಿಗೆ, "ಆಮ್ಯಾಲ, ಆಮ್ಯಾಲ" ಎಂದು ಕುರಿಮರಿಯ ಹಿಂದೆ ಓಡಿಬಿಡುತ್ತಿತ್ತು.

ಕಡೆಗೂ ಮಂಜೂರಾಯಿತು. ಸಂಕ್ರಾಂತಿ ಕಳೆದ ಮೇಲೆ ನೇತ್ರಾವತಿ ಒಬ್ಬಳೇ ಬಂದಳು, ಮಗಳನ್ನು ಕರೆದೊಯ್ಯಲು. ಅತ್ತೆಯ ಕಾಲು ಮುಟ್ಟಿದಳು, ಮಾತು ಹೆಚ್ಚಾಡಲಿಲ್ಲ. ಮಲ್ಲಿ ಆಯಿಯ ಸೀರೆಯ ನಿರಿಗೆಯೊಳಗೆ ಮುಖ ಹುಗಿದು ನಿಂತಿತು. ಮರುದಿನ ಪಾಸ್‌ಪೋರ್ಟು ತರಲು ಎಲ್ಲರೂ ರಾಯಚೂರಿನ ಕಿರಣಕುಮಾರನ ಅಂಗಡಿಗೆ ಹೋದರು. ಗುಲ್ಫಶಾ ಮಲ್ಲಿಗೆ ಬಿಸ್ಕತ್ತು ಕೊಟ್ಟು, ಗದ್ದ ಹಿಡಿದು ಕೇಳಿದಳು:

"ಪುಟ್ಟಿ, ನಿಮ್ಮ ಮನ್ಯಾಗ ಯಾರ್ಯಾರದಾರ?"

ಮಲ್ಲಿ ಬಲಗೈ ಮುಂದೆ ಚಾಚಿ, ಹೆಬ್ಬೆರಳಿನಿಂದ ಶುರುಮಾಡಿ ಒಂದೊಂದೇ ಬೆರಳು ಮಡಚಿತು. "ಆಯಿ. ಮುತ್ಯಾ. ಹುಲಗವ್ವತ್ತಿ. ಕರಿಯಾ." ಕರಿಯಾ ಎಂದರೆ ನಾಯಿ. ಕಿರುಬೆರಳಿಗೆ ಬಂದು, "ಬಿಳೀ ಮರಿ."

ನೇತ್ರಾವತಿ ನೆಲಕ್ಕೆ ಮೊಣಕಾಲೂರಿ ಕೂತಿದ್ದಳು. "ಮತ್ತ? ಮತ್ತ್ಯಾರು?"

ಮಲ್ಲಿ ತನ್ನ ಮುಷ್ಟಿಯನ್ನು ನೋಡಿಕೊಂಡಿತು. "ಅಷ್ಟ."

ಎಣಿಸದೆ ಬಿಡುವುದನ್ನು ಈ ಕೂಸಿಗೆ ಯಾರೂ, ಬಂಡೆಮ್ಮನೂ, ಕಲಿಸಿರಲಿಲ್ಲ. ಕಣ್ಣಿಗೆ ಕಾಣದವರನ್ನು ಕೂಸು ಹೇಗೆ ಎಣಿಸೀತು? ನೇತ್ರಾವತಿ, "ಇನ್ನೊಂದು ಕೈ ಅದಲ್ಲ ಪುಟ್ಟಿ" ಎಂದು ಮಗಳ ಎಡಗೈಯನ್ನು ಹಿಡಿಯಲು ಹೋದಳು. ಮಲ್ಲಿ ಆ ಕೈಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡಿತು. ನೇತ್ರಾವತಿ ಅಲ್ಲೇ, ಎಲ್ಲರ ಎದುರು, ಬಿಕ್ಕಿ ಬಿಕ್ಕಿ ಅತ್ತಳು.

ವಿಮಾನಕ್ಕೆ ಒಂಬತ್ತು ದಿನವಿತ್ತು. ಬಂಡೆಮ್ಮ ಸೊಸೆಗೂ ಹೇಳಲಿಲ್ಲ, ಯಾರಿಗೂ ಹೇಳಲಿಲ್ಲ. ಬೆಳಿಗ್ಗೆ ಕುರಿ ಬಿಡುವ ಮುಂಚೆ, ಮಧ್ಯಾಹ್ನ ಉಂಡ ಮೇಲೆ, ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಎಣಿಕೆ ಕಲಿಸತೊಡಗಿದಳು. "ಹೆಬ್ಬೆರಳು ನಾ ಅಲ್ಲ ಬೇ, ಅದು ನಿಮ್ಮವ್ವ. ಇದು ಅಪ್ಪ. ಇದು ಬೀರೇಶಣ್ಣ. ಇದು ನೀ." ಮೊದಲೆರಡು ದಿನ ಮಲ್ಲಿ ಹೆಬ್ಬೆರಳಿಗೆ ಆಯಿ ಎಂದೇ ಹಟ ಹಿಡಿಯಿತು. ಬಂಡೆಮ್ಮ ಗದರಿದಳು, ರಮಿಸಿದಳು, ಬೆಲ್ಲ ಕೊಟ್ಟಳು. ಐದನೆಯ ದಿನ ಕೂಸು ಒಂದೂ ತಪ್ಪದೆ ಹೇಳಿತು. ಹೇಳಿ, ಮಡಚದೆ ಉಳಿದ ಕಿರುಬೆರಳನ್ನು ಅಜ್ಜಿಯ ಮುಖದ ಮುಂದೆ ಹಿಡಿಯಿತು.

"ಆಯಿ, ಇದು ಯಾರು?"

"ಅದನ್ನ ಹಂಗ ಬಿಡು" ಎಂದಳು ಬಂಡೆಮ್ಮ. "ಅದು ಲೆಕ್ಕಕ್ಕಿಲ್ಲ."